ಇನ್ನೂ ಮಸುಕು ಎನ್ನುವವನಿಗೂ ಸಭೆಯಲ್ಲಿ ಜಾಗವಿರಲಿ

ಮಾನ್ಯ ಸಂಪಾದಕರೇ,

ವ್ಯಸನ ಮತ್ತು ದೇವರ ನಂಬಿಕೆಯ ಬಗ್ಗೆ ನಿಮ್ಮ ವಾಚಕರ ವಿಭಾಗದಲ್ಲಿ ಕೆಲವು ವಾರಗಳಿಂದ ನಡೆದಿರುವ ಜಗಳವನ್ನು ಓದುತ್ತಿದ್ದೇನೆ. ತಮ್ಮ ಭಾವನಿಗೆ ಒಂದೇ ರಾತ್ರಿಯ ಪ್ರಾರ್ಥನೆಯಲ್ಲಿ ಕುಡಿತ ಬಿಟ್ಟುಹೋಯಿತು, ಯೇಸುವನ್ನು ನಂಬಿದವರಿಗೆ ಆಸ್ಪತ್ರೆಯ ಹಂಗು ಬೇಡ ಎಂದು ಒಬ್ಬರು ಬರೆದರು. ಬಾಟಲಿ ಬಿಟ್ಟು ಬೈಬಲ್ ಹಿಡಿದವನು ಒಂದು ಚಟ ಬಿಟ್ಟು ಇನ್ನೊಂದನ್ನು ಕಟ್ಟಿಕೊಂಡಿದ್ದಾನೆ ಅಷ್ಟೇ ಎಂದು ಇನ್ನೊಬ್ಬರು ಮರುವಾರ ಉತ್ತರ ಕೊಟ್ಟರು. ಇಬ್ಬರ ಮೇಲೂ ನನಗೆ ತಕರಾರಿದೆ. ಮೊದಲನೆಯವರ ಮೇಲೆ ತುಸು ಹೆಚ್ಚು, ಏಕೆಂದರೆ ಅವರು ನಮ್ಮವರು.

ನಾನು ನಿವೃತ್ತ ನರ್ಸ್. ನೌಕರಿಯ ಬಹುಭಾಗ ಕಳೆದದ್ದು ಕುಡಿತ, ಮಾದಕ ವಸ್ತು ಬಿಡಲು ಬಂದವರ ವಾರ್ಡಿನಲ್ಲಿ. ಪಾಳಿ ಮುಗಿಸಿ ಮನೆಗೆ ಹೋದರೆ ಅಲ್ಲಿಯೂ ಅದೇ ವಾರ್ಡು. ನನ್ನ ಯಜಮಾನರು ಬಹಳ ವರ್ಷ ಕುಡಿದರು. ಈಗ ಬಹಳ ವರ್ಷಗಳಿಂದ ಮುಟ್ಟಿಲ್ಲ. ಬಿಡಿಸಿದ್ದು ಕ್ರಿಸ್ತನ ಮೇಲಿನ ನಂಬಿಕೆ ಎಂದು ಅವರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆ ನಂಬಿಕೆ ಏನು ಮಾಡಿತು, ಏನು ಮಾಡಲಿಲ್ಲ ಎಂಬುದನ್ನು ಪಕ್ಕದಲ್ಲೇ ನಿಂತು ನೋಡಿದವಳಾದ್ದರಿಂದ ಈ ಪತ್ರ. ಅಂಚೆಗೆ ಹಾಕುವ ಮೊದಲು ಅವರಿಗೆ ಓದಲು ಕೊಟ್ಟೆ. ಎರಡು ವಾಕ್ಯ ಹೊಡೆದುಹಾಕಿದರು, ಉಳಿದದ್ದಕ್ಕೆ ಒಪ್ಪಿದರು.

ಕುಡಿಯುವವರಿರುವ ಮನೆ ಎಂದರೆ ಹೊರಗಿನವರಿಗೆ ಬೈಗುಳ, ಏಟು, ಬರಿದಾದ ಜೇಬು ನೆನಪಾಗುತ್ತವೆ. ಅವು ಇರುತ್ತವೆ. ಆದರೆ ಅವಕ್ಕೆ ಹೊತ್ತುಗೊತ್ತು ಉಂಟು. ಎಡೆಬಿಡದೆ ಮನೆಯನ್ನು ಆಳುವುದು ಸುಳ್ಳು. ಬಾಟಲಿ ಶೌಚಾಲಯದ ನೀರಿನ ತೊಟ್ಟಿಯಲ್ಲಿರುತ್ತದೆ, ಯಾರೂ ತೆಗೆಯದ ಹಳೆಯ ಸೂಟ್‌ಕೇಸಿನಲ್ಲಿರುತ್ತದೆ. ಮದ್ಯಕ್ಕೆ ಕೊಟ್ಟ ಹಣ ಲೆಕ್ಕದಲ್ಲಿ ಸ್ನೇಹಿತನಿಗೆ ಕೊಟ್ಟ ಸಾಲವಾಗಿರುತ್ತದೆ. ಬೆಳಗ್ಗೆ ಕಚೇರಿಗೆ ಫೋನ್ ಮಾಡಿ ಅವರಿಗೆ ಜ್ವರ ಎಂದು ಹೇಳುವುದು ಹೆಂಡತಿಯ ಪಾಲಿನ ಕೆಲಸ. ಅಪ್ಪ ಮಲಗಿದ್ದಾರೆ ಎಂದು ಬಾಗಿಲಲ್ಲಿ ಹೇಳುವುದು ಮಕ್ಕಳ ಪಾಲಿನದು. ಮನೆಮಂದಿಯೆಲ್ಲ ಸೇರಿ ಒಂದು ನಾಟಕ ಕಂಪನಿ ನಡೆಸುತ್ತಿರುತ್ತೇವೆ. ಮುಖ್ಯ ಪಾತ್ರಧಾರಿಗೆ ಮಾತ್ರ ತಾನು ರಂಗದ ಮೇಲಿದ್ದೇನೆಂಬುದು ಗೊತ್ತಿರುವುದಿಲ್ಲ. ನಿನ್ನೆ ರಾತ್ರಿ ಎರಡೇ ಎರಡು ಎಂದು ಹೇಳುವಾಗ ಅವರು ನನಗೆ ಸುಳ್ಳು ಹೇಳುತ್ತಿದ್ದರು, ಸರಿ. ಆದರೆ ಅದನ್ನು ಮೊದಲು ನಂಬಿಬಿಟ್ಟವರು ಅವರೇ.

ಬೈಬಲಿನ ಜ್ಞಾನೋಕ್ತಿಗಳ 23ನೆಯ ಅಧ್ಯಾಯದ ಕೊನೆಗೆ ಕುಡುಕನ ವರ್ಣನೆಯಿದೆ. ಕೆಂಪೇರಿದ ಕಣ್ಣು, ಹೇಗಾಯಿತೆಂದು ಗೊತ್ತಿಲ್ಲದ ಗಾಯ, ಇಲ್ಲದ್ದನ್ನು ಕಾಣುವ ನೋಟ, ಹಡಗಿನ ಕೂವೆಮರದ ತುದಿಯಲ್ಲಿ ಮಲಗಿದವನಂತೆ ತೂರಾಟ. ನನ್ನನ್ನು ಹೊಡೆದರೂ ತಿಳಿಯಲಿಲ್ಲ, ಎದ್ದ ಮೇಲೆ ಮತ್ತೆ ಅದನ್ನೇ ಹುಡುಕಿಕೊಂಡು ಹೋಗುತ್ತೇನೆ ಎಂಬ ಅವನದೇ ಮಾತಿನೊಂದಿಗೆ ಅದು ಮುಗಿಯುತ್ತದೆ. ಇದನ್ನು ಬರೆದವನು ನಮ್ಮ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿರಬೇಕು ಎಂದು ನನಗೆ ಅನೇಕ ಸಲ ಅನಿಸಿದೆ. ಏಟು ತಿಂದವನೂ ಅವನೇ, ಮತ್ತೆ ಹುಡುಕುವವನೂ ಅವನೇ. ಪೌಲನಂಥ ಅಪೊಸ್ತಲನೇ ರೋಮಾಪುರದವರಿಗೆ ಬರೆದ ಪತ್ರದ 7ನೆಯ ಅಧ್ಯಾಯದಲ್ಲಿ, ಬೇಕೆಂದದ್ದನ್ನು ಮಾಡಲಾರೆ, ಬೇಡವೆಂದದ್ದನ್ನೇ ಮಾಡುತ್ತೇನೆ ಎಂದು ಒದ್ದಾಡುತ್ತಾನೆ. ಮನಸ್ಸು ಗಟ್ಟಿ ಮಾಡಿಕೊಂಡರೆ ಬಿಡಬಹುದು ಎಂದು ಬುದ್ಧಿ ಹೇಳುವ ವಿಶ್ವಾಸಿಗಳು ಈ ಅಧ್ಯಾಯವನ್ನು ಹಾರಿಸಿ ಓದುತ್ತಾರೋ ಏನೋ.

ಈಗ ಆಸ್ಪತ್ರೆಯ ಹಂಗು ಬೇಡ ಎಂದವರ ಮಾತಿಗೆ ಬರುತ್ತೇನೆ. ಮದ್ಯ ಮೆದುಳಿನ ಚಟುವಟಿಕೆಯನ್ನು ತಗ್ಗಿಸುವ ವಸ್ತು. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರ ಮೆದುಳು ಆ ತಗ್ಗನ್ನು ಸರಿದೂಗಿಸಲು ತನ್ನ ಉದ್ರೇಕವನ್ನು ಏರಿಸಿಕೊಂಡಿರುತ್ತದೆ. ಇದ್ದಕ್ಕಿದ್ದಂತೆ ಮದ್ಯ ನಿಂತರೆ ತಗ್ಗಿಸುವುದು ಹೋಗಿ ಏರಿದ್ದು ಮಾತ್ರ ಉಳಿಯುತ್ತದೆ. ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ವಾಂತಿ. 6ರಿಂದ 48 ಗಂಟೆಗಳೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಇನ್ನು ಕೆಲವರಿಗೆ ಡೆಲಿರಿಯಮ್ ಟ್ರೆಮೆನ್ಸ್: ಎಲ್ಲಿದ್ದೇನೆಂಬ ಅರಿವು ತಪ್ಪುತ್ತದೆ, ಗೋಡೆಯ ಮೇಲೆ ಹುಳು ಹರಿಯುವುದು ಕಾಣುತ್ತದೆ, ಜ್ವರ ಏರುತ್ತದೆ, ನಾಡಿ ಓಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೂ ಹೋಗಬಹುದು. ಇದರ ಜೊತೆಗೆ ಥಯಾಮಿನ್ ಎಂಬ ಬಿ1 ಜೀವಸತ್ವದ ಕೊರತೆಯಿದ್ದು, ಅದನ್ನು ಬೇಗ ತುಂಬಿಸದಿದ್ದರೆ ನೆನಪಿನ ಶಕ್ತಿ ಶಾಶ್ವತವಾಗಿ ಹಾಳಾಗುವ ಸಂಭವವಿದೆ. ಹೆರಾಯಿನ್ ಬಿಡುವವರ ನರಳಾಟ ನೋಡಲಾಗದಷ್ಟು ಘೋರ. ಆದರೂ ಬಿಡುವ ಹಂತದಲ್ಲಿಯೇ ಜೀವ ಹೋಗುವ ಅಪಾಯ ಮದ್ಯದಲ್ಲಿ ಹೆಚ್ಚು ಎಂಬುದು ಜನರಿಗೆ ಗೊತ್ತಿಲ್ಲ.

ಇಂಥ ಒಬ್ಬರನ್ನು ಒಂದು ಬೆಳಗಿನ ಜಾವ ನಮ್ಮ ವಾರ್ಡಿಗೆ ಉಪವಾಸ ಪ್ರಾರ್ಥನೆಯ ಕೂಟದಿಂದ ನೇರವಾಗಿ ಹೊತ್ತು ತಂದರು. ಕುಡಿತ ನಿಲ್ಲಿಸಿ ಮೂರನೆಯ ದಿನ. ನೀರೂ ಸರಿಯಾಗಿ ಹೋಗಿರಲಿಲ್ಲ. ಮೈ ನಡುಗಿದಾಗ, ಕಾಣದ್ದನ್ನು ಕಂಡು ಕಿರುಚಿದಾಗ, ದೆವ್ವ ಬಿಟ್ಟುಹೋಗುತ್ತಿದೆ ಎಂದು ಸುತ್ತ ನಿಂತು ಇನ್ನಷ್ಟು ಗಟ್ಟಿಯಾಗಿ ಪ್ರಾರ್ಥಿಸಿದ್ದರಂತೆ. ಫಿಟ್ಸ್ ಬಂದ ಮೇಲೆ ಒಬ್ಬ ಹೆಂಗಸು ಹೆದರಿ, ಆಂಬುಲೆನ್ಸ್ ಕರೆಯಿರಿ ಎಂದು ಹಟ ಹಿಡಿದರಂತೆ. ಆಕೆ ಹಟ ಹಿಡಿದದ್ದರಿಂದ ಆ ಮನುಷ್ಯ ಬದುಕಿದರು. ಅಂದು ಆ ಕೂಟ ನಡೆಸಿದ ಸಭಾಪಾಲಕರ (ಪಾಸ್ಟರ್) ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಜಾರದಲ್ಲೇ ನಿಲ್ಲಿಸಿ ನಾಲ್ಕು ಮಾತು ಆಡಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ಆ ರಾತ್ರಿಯೂ ಮರುರಾತ್ರಿಯೂ ರೋಗಿಯ ಕೈ ಹಿಡಿದು ಮಂಚದ ಪಕ್ಕ ಕುಳಿತಿದ್ದವರು ಅವರೊಬ್ಬರೇ. ರೋಗಿಯ ಅಣ್ಣತಮ್ಮಂದಿರಿಗೆ ಸುದ್ದಿ ಮುಟ್ಟಿಸಿದ್ದೆವು. ಯಾರೂ ಬರಲಿಲ್ಲ.

ನಿಮ್ಮ ಎರಡನೆಯ ಪತ್ರಲೇಖಕರು ಈ ಘಟನೆಯ ಮೊದಲರ್ಧವನ್ನು ಮಾತ್ರ ಎತ್ತಿ ಹಿಡಿಯುತ್ತಾರೆ, ಮೊದಲನೆಯವರು ಎರಡನೆಯ ಅರ್ಧವನ್ನು. ನನಗೆ ಎರಡನ್ನೂ ಬಿಡಲಾಗುವುದಿಲ್ಲ.

ಯಜಮಾನರ ವಿಷಯಕ್ಕೆ ಬರುತ್ತೇನೆ. ಅವರ ಮೈಯಿಂದ ಮದ್ಯವನ್ನು ಇಳಿಸುವುದು ಆಸ್ಪತ್ರೆಗೆ ಕಷ್ಟವಾಗಿರಲಿಲ್ಲ. ವಾರದೊಳಗೆ ನಡುಕ ನಿಲ್ಲುತ್ತಿತ್ತು, ಹಸಿವು ಬರುತ್ತಿತ್ತು, ಮುಖಕ್ಕೆ ಬಣ್ಣ ಬರುತ್ತಿತ್ತು. ಮನೆಗೆ ಬಂದ ಮೇಲೆ ಒಂದು ಸಂಜೆ ಮತ್ತೆ ಶುರು. ಕುಡಿದರೆ ಮೈಗೆ ಆಗದಂತೆ ಮಾಡುವ ಡೈಸಲ್ಫಿರಾಮ್ ಮಾತ್ರೆ ಕೊಟ್ಟರು. ಮಾತ್ರೆಯನ್ನು ನಾಲಗೆಯ ಕೆಳಗಿಟ್ಟುಕೊಂಡು ಆಮೇಲೆ ಉಗುಳುವ ವಿದ್ಯೆಯನ್ನು, ನರ್ಸಿನ ಗಂಡನಾಗಿಯೂ, ನನ್ನ ಕಣ್ಣೆದುರಿಗೇ ಕಲಿತರು. ಔಷಧಿಯ ದೋಷ ಅಲ್ಲಿ ಏನೂ ಇಲ್ಲ. ಉಗುಳಿದ ಮಾತ್ರೆ ಕೆಲಸ ಮಾಡುವುದಿಲ್ಲ, ಅಷ್ಟೇ.

ಕಚೇರಿಯ ಸಹೋದ್ಯೋಗಿಯೊಬ್ಬರು ಅವರನ್ನು ಒಂದು ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋದರು. ದೊಡ್ಡ ಸಭೆಯಲ್ಲ. ವಾರದ ಮಧ್ಯೆ, ಚರ್ಚಿನ ಹಿಂದಿನ ಕೋಣೆಯಲ್ಲಿ, ಬೆರಳೆಣಿಕೆಯ ಜನ. ಮೈಕಿಲ್ಲ, ವಾದ್ಯವಿಲ್ಲ. ಅಲ್ಲಿ ವಯಸ್ಸಾದ ಬಸ್ ಚಾಲಕರೊಬ್ಬರು ಎದ್ದು ನಿಂತು, ಮೊನ್ನೆ ಕುಡಿದೆ, ಹೇಳಿಕೊಳ್ಳಲು ನಾಚಿಕೆಯಾಗುತ್ತಿದೆ, ಪ್ರಾರ್ಥನೆ ಮಾಡಿ ಎಂದು ಹೇಳಿ ಕೂತರಂತೆ. ಯಾರೂ ಲೊಚಗುಟ್ಟಲಿಲ್ಲ, ಬುದ್ಧಿ ಹೇಳಲಿಲ್ಲ. ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ, ಸ್ವಸ್ಥರಾಗುವಿರಿ ಎಂದಿದೆಯಲ್ಲ, ಅದನ್ನು ಓದಿದರು, ಪ್ರಾರ್ಥಿಸಿದರು, ಮುಂದಿನವರ ಮಾತಿಗೆ ಹೋದರು. ಅಂದು ಯಜಮಾನರು ಬಾಯಿ ತೆರೆಯಲಿಲ್ಲ. ಕೆಲವು ವಾರಗಳಾದ ಮೇಲೆ ಒಂದು ರಾತ್ರಿ ಮನೆಗೆ ಬಂದವರೇ, ನಾನು ಕೇಳದಿದ್ದರೂ, ಬಾಟಲಿ ಎಲ್ಲೆಲ್ಲಿದೆ ಎಂದು ಹೇಳಿದರು. ನನಗೆ ಗೊತ್ತಿದ್ದ ಜಾಗಗಳ ಜೊತೆಗೆ ನಾನು ಊಹಿಸದಿದ್ದ ಜಾಗಗಳೂ ಇದ್ದವು.

ಗಮನಿಸಬೇಕು: ಅಂದು ಅವರು ಕುಡಿತ ಬಿಡಲಿಲ್ಲ. ಆಮೇಲೆಯೂ ಕುಡಿದರು. ಆದರೆ ಕುಡಿದದ್ದನ್ನು ಹೇಳಿದರು. ಈ ಕಾಲವನ್ನು ದಾಟುವುದು ನನಗೆ ಮೊದಲಿನ ವರ್ಷಗಳಿಗಿಂತ ಕಷ್ಟವಾಯಿತು. ಸುಳ್ಳು ಹೇಳುವ ಗಂಡನ ಜೊತೆ ಹೇಗಿರಬೇಕೆಂದು ಗೊತ್ತಿತ್ತು. ನಿಜ ಹೇಳಿ ಎದುರಿಗೆ ನಿಂತವರನ್ನು ಏನು ಮಾಡುವುದು? ಬೈದರೆ ನಾಳೆಯಿಂದ ಮತ್ತೆ ಮುಚ್ಚಿಡುತ್ತಾರೆ. ಬೈಯದೆ ಇರಲು ನಾನು ದೇವದೂತಳಲ್ಲ. ಆ ಕೂಟದ ಹಿರಿಯ ಮಹಿಳೆಯೊಬ್ಬರು ನನಗೆ ಪ್ರಾರ್ಥನೆ ಹೇಳಿಕೊಡುವ ಮೊದಲು, ನೀನು ನಿದ್ದೆ ಮಾಡಿ ಎಷ್ಟು ದಿನವಾಯಿತಮ್ಮ ಎಂದು ಕೇಳಿದರು. ಆ ಪ್ರಶ್ನೆಯನ್ನು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ.

ಅಲ್ಲಿ ಕೇಳಿದ ಯಾವ ಮಾತು ನಿಮಗೆ ತಟ್ಟಿತು ಎಂದು ಯಜಮಾನರನ್ನು ಒಮ್ಮೆ ಕೇಳಿದ್ದೆ. ಡಾಕ್ಟರು ಬಿಡು ಎಂದರು, ನೀನು ಬಿಡಿ ಎಂದೆ, ನನಗೆ ನಾನೇ ಬಿಡು ಎಂದೆ. ಬಿಟ್ಟರೆ ಮರ್ಯಾದೆ, ಬಿಟ್ಟರೆ ಪ್ರೀತಿ ಎಂಬುದೇ ಎಲ್ಲರ ಲೆಕ್ಕವಾಗಿತ್ತು, ಅಲ್ಲಿ ಮಾತ್ರ ಲೆಕ್ಕ ತಿರುಗುಮುರುಗಾಗಿತ್ತು ಎಂದರು. ನಾವು ಇನ್ನೂ ಪಾಪಿಗಳಾಗಿರುವಾಗಲೇ ಕ್ರಿಸ್ತನು ನಮಗಾಗಿ ಸತ್ತನು ಎಂದು ರೋಮಾಪುರದವರಿಗೆ ಬರೆದ ಪತ್ರದಲ್ಲಿದೆ. ಸರಿಹೋದ ಮೇಲೆ ಅಲ್ಲ, ಇನ್ನೂ ಪಾಪಿಯಾಗಿರುವಾಗಲೇ. ಅದನ್ನು ಅವರು ಬಾಲ್ಯದಿಂದ ಕೇಳಿರಬಹುದು. ಕುಡಿದದ್ದನ್ನು ಒಪ್ಪಿಕೊಂಡ ಬಸ್ ಚಾಲಕರ ಹೆಗಲ ಮೇಲೆ ಪಕ್ಕದವರು ಕೈಯಿಟ್ಟದ್ದನ್ನು ನೋಡಿದ ಮೇಲೆ ನಂಬಿದರು. ಮೊದಲೇ ಪ್ರೀತಿಗೆ ಪಾತ್ರನಾದವನು ಸುಳ್ಳು ಹೇಳಿ ಗಿಟ್ಟಿಸಿಕೊಳ್ಳಬೇಕಾದ್ದು ಏನೂ ಉಳಿಯುವುದಿಲ್ಲ. ನನ್ನ ತಿಳಿವಿನ ಮಟ್ಟಿಗೆ ಕ್ರೈಸ್ತ ನಂಬಿಕೆ ನಮ್ಮ ಮನೆಯಲ್ಲಿ ಮಾಡಿದ ಕೆಲಸ ಇದು. ಅದು ಮೊದಲು ಬಿಡಿಸಿದ್ದು ಸುಳ್ಳನ್ನು. ಸುಳ್ಳಿನ ಆಸರೆ ತಪ್ಪಿದ ಕುಡಿತ ನಿಧಾನವಾಗಿ, ಮುಗ್ಗರಿಸುತ್ತ, ಸುಮಾರು ಕಾಲ ತೆಗೆದುಕೊಂಡು ಬಿತ್ತು. ಈ ಸಲ ಮಾತ್ರೆಯನ್ನು ಉಗುಳಲಿಲ್ಲ. ಹಂಬಲ ತಗ್ಗಿಸುವ ಔಷಧಿಯನ್ನೂ ವೈದ್ಯರು ಹೇಳಿದಷ್ಟು ಕಾಲ ತೆಗೆದುಕೊಂಡರು. ಸಂಜೆ ಹಂಬಲ ಜೋರಾದಾಗ ಆ ಚಾಲಕರಿಗೆ ಫೋನ್ ಮಾಡುತ್ತಿದ್ದರು. ಕರ್ತನೇ, ಇದೊಂದು ಸಂಜೆ ದಾಟಿಸು ಎಂದು ಇಬ್ಬರೂ ಫೋನಿನಲ್ಲೇ ಪ್ರಾರ್ಥಿಸುವುದು ಅಡುಗೆಮನೆಯವರೆಗೆ ಕೇಳುತ್ತಿತ್ತು.

ಇದು ನಮ್ಮ ಮನೆಯೊಂದರ ಕಥೆ ಎನ್ನುವವರಿಗೆ ಹಳೆಯ ಇತಿಹಾಸವೊಂದನ್ನು ನೆನಪಿಸುತ್ತೇನೆ. ಅಮೆರಿಕದ ಬಿಲ್ ವಿಲ್ಸನ್ 1934ರ ಡಿಸೆಂಬರ್‌ನಲ್ಲಿ ಕುಡಿತ ನಿಲ್ಲಿಸಿದ್ದರು. ಅವರ ಹಳೆಯ ಕುಡುಕ ಸ್ನೇಹಿತ ಎಬಿ ಥ್ಯಾಚರ್, ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗದ ಮೂಲಕ ಕುಡಿತದಿಂದ ಹೊರಬಂದು, ಮನೆಗೆ ಬಂದು ತನ್ನ ಅನುಭವ ಹೇಳಿದ್ದು ಅದಕ್ಕೆ ಹಿನ್ನೆಲೆ. 1935ರಲ್ಲಿ ವ್ಯವಹಾರಕ್ಕೆಂದು ಆಕ್ರನ್ ಊರಿಗೆ ಹೋಗಿ, ಕೆಲಸ ಕೆಟ್ಟು, ಹೋಟೆಲಿನಲ್ಲಿ ಒಂಟಿಯಾಗಿದ್ದಾಗ ವಿಲ್ಸನ್ ಅವರನ್ನು ಬಾರಿನ ಸದ್ದು ಸೆಳೆಯಿತು. ಅವರು ಅಲ್ಲಿದ್ದ ಚರ್ಚುಗಳ ಪಟ್ಟಿ ನೋಡಿ ಪಾದ್ರಿಯೊಬ್ಬರಿಗೆ ಫೋನ್ ಮಾಡಿದರು. ತಾನು ಮಾತಾಡಲು ಇನ್ನೊಬ್ಬ ಕುಡುಕ ಬೇಕು ಎಂಬುದು ಅವರ ಕೋರಿಕೆ. ಹಾಗೆ ಸಿಕ್ಕವರು ಶಸ್ತ್ರವೈದ್ಯ ಬಾಬ್ ಸ್ಮಿತ್. ಕುಡಿತ ಬಿಡಲು ಕುಡುಕರೇ ಒಬ್ಬರಿಗೊಬ್ಬರು ನೆರವಾಗುವ ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಸಂಘ ಅವರಿಬ್ಬರ ಮಾತುಕತೆಯಿಂದ ಹುಟ್ಟಿತು. ಆ ಮೊದಲ ದಿನಗಳಲ್ಲಿ ಡಾಕ್ಟರರ ಮನೆಯಲ್ಲಿ ಎಲ್ಲರಿಗೂ ಪ್ರಿಯವಾಗಿದ್ದ ಬೈಬಲ್ ಭಾಗಗಳಲ್ಲಿ ಯಾಕೋಬನ ಪತ್ರಿಕೆಯೂ ಒಂದು. ಆ ಸಂಘ ಮುಂದೆ ಎಲ್ಲ ಮತದವರಿಗೂ ಮತವಿಲ್ಲದವರಿಗೂ ಬಾಗಿಲು ತೆರೆಯಿತು. ಅದು ಒಳ್ಳೆಯದೇ ಆಯಿತು. ಆದರೆ ತನ್ನ ತಪ್ಪನ್ನು ಇನ್ನೊಬ್ಬ ಮನುಷ್ಯನ ಮುಂದೆ ಹೇಳಿಕೊಳ್ಳುವ ಹೆಜ್ಜೆಯನ್ನು ಅದು ಕೈಬಿಡಲಿಲ್ಲ.

ಇಂಥ ಕೂಟಗಳಿಗೆ ವಿಜ್ಞಾನದ ಬೆಂಬಲ ಎಲ್ಲಿದೆ ಎಂದು ಎರಡನೆಯ ಪತ್ರಲೇಖಕರು ಕೇಳಿದ್ದರು. 2020ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆ ಪ್ರಕಟಿಸಿದ ಪರಾಮರ್ಶೆಯೊಂದು 27 ಅಧ್ಯಯನಗಳ, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ರೋಗಿಗಳನ್ನು ಈ ಸಂಘದ ಕೂಟಗಳಿಗೆ ಕ್ರಮಬದ್ಧವಾಗಿ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ನಂತರ ಪೂರ್ತಿ ಕುಡಿಯದೆ ಇದ್ದವರು ಶೇಕಡ 42ರಷ್ಟು. ಬೇರೆ ಮನೋಚಿಕಿತ್ಸೆಗಳಲ್ಲಿ ಶೇಕಡ 35ರಷ್ಟು. ಇದರಿಂದ ಪ್ರಾರ್ಥನೆಯ ಫಲ ಸಾಬೀತಾಯಿತು ಎಂದು ಕುಣಿಯುವ ಅಗತ್ಯವಿಲ್ಲ. ಆ ಅಧ್ಯಯನ ಅಳೆದದ್ದು ದೇವರನ್ನಲ್ಲ. ಮೇಲಾಗಿ ಉತ್ತಮ ಗುಂಪಿನಲ್ಲಿಯೂ ಅರ್ಧಕ್ಕಿಂತ ಹೆಚ್ಚು ಜನ ವರ್ಷದೊಳಗೆ ಒಮ್ಮೆಯಾದರೂ ಮತ್ತೆ ಕುಡಿದಿದ್ದಾರೆ ಎಂಬುದೂ ಅದೇ ಅಂಕಿಯೊಳಗೆ ಇದೆ. ನಮ್ಮ ಸಭೆಗಳು ಮರೆಯುವುದು ಈ ಅರ್ಧಕ್ಕಿಂತ ಹೆಚ್ಚಿನವರನ್ನು.

ಒಂದು ಚಟದ ಜಾಗದಲ್ಲಿ ಇನ್ನೊಂದು ಎಂಬ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಮನೆಯಲ್ಲಿ ಕಾಯಿಲೆಯ ಮಗುವನ್ನು ಬಿಟ್ಟು ದಿನಕ್ಕೊಂದು ಕೂಟಕ್ಕೆ ಓಡುವವರನ್ನು ನಾನೂ ಕಂಡಿದ್ದೇನೆ. ಅದನ್ನು ಭಕ್ತಿ ಎಂದು ಕರೆಯಲಾರೆ. ಆದರೆ ಚಟ ಮನುಷ್ಯನನ್ನು ಕುಗ್ಗಿಸುತ್ತ ಹೋಗುತ್ತದೆ. ಹೆಂಡತಿ, ಮಕ್ಕಳು, ಕೆಲಸ, ಕೊನೆಗೆ ಸ್ನಾನ ಕೂಡ ಲೆಕ್ಕದಿಂದ ಬಿಟ್ಟುಹೋಗುತ್ತವೆ. ನನ್ನ ಯಜಮಾನರಿಗೆ ಬಿಟ್ಟುಹೋಗಿದ್ದವೆಲ್ಲ ಒಂದೊಂದಾಗಿ ಹಿಂದಿರುಗಿದವು. ಮಗಳ ಶಾಲೆಯ ಸಭೆಗೆ ಹೋದರು. ಸಾಲದ ಪಟ್ಟಿ ಬರೆದರು. ಸಾಲ ಕೊಟ್ಟವರೇ ಮರೆತಿದ್ದ ಸಣ್ಣ ಮೊತ್ತಗಳೂ ಅದರಲ್ಲಿದ್ದವು.

ಈ ಸಾಲ ತೀರಿಸುವ ವಿಷಯದಲ್ಲಿ ನನಗೆ ಮೆಚ್ಚುಗೆಯಾದವರು ಡಬ್ಲಿನ್ ನಗರದ ಕೂಲಿಕಾರ ಮ್ಯಾಟ್ ಟಾಲ್ಬಟ್. 1856ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಕುಡಿತಕ್ಕೆ ಬಿದ್ದವರು. 1884ರಲ್ಲಿ ಕುಡಿಯುವುದಿಲ್ಲವೆಂದು ಪಾದ್ರಿಯ ಮುಂದೆ ಪ್ರತಿಜ್ಞೆ ಮಾಡಿದರು, ಅದೂ ಮೊದಲಿಗೆ ಮೂರೇ ತಿಂಗಳಿಗೆ. ಜೀವನಪೂರ್ತಿ ಎನ್ನುವ ಧೈರ್ಯ ಇರಲಿಲ್ಲ. ಹೆಂಡದಂಗಡಿಯ ಮುಂದೆ ಕಾಲು ನಿಂತೀತೆಂದು ಜೇಬಿನಲ್ಲಿ ಹಣ ಇಟ್ಟುಕೊಳ್ಳುವುದನ್ನೇ ಬಿಟ್ಟರು. ಕುಡಿತದ ದಿನಗಳಲ್ಲಿ ಬೀದಿಯ ಪಿಟೀಲು ವಾದಕನೊಬ್ಬನ ಪಿಟೀಲು ಕದ್ದು, ಮಾರಿ ಕುಡಿದಿದ್ದರಂತೆ. ಅವನಿಗಾಗಿ ಬಹಳ ಕಾಲ ಹುಡುಕಿ, ಸಿಗದೆ, ಅವನ ಹೆಸರಿನಲ್ಲಿ ಚರ್ಚಿನ ಬಲಿಪೂಜೆಗೆ (ಮಾಸ್) ಹಣ ಕೊಟ್ಟರಂತೆ. 1925ರಲ್ಲಿ ಚರ್ಚಿಗೆ ಹೋಗುವ ದಾರಿಯಲ್ಲಿ ಕುಸಿದು ತೀರಿಕೊಂಡರು. ಕಥೋಲಿಕ ಧರ್ಮಸಭೆ 1975ರಲ್ಲಿ ಅವರನ್ನು ಪೂಜ್ಯರೆಂದು ಘೋಷಿಸಿತು. ಅವರ ಕಠೋರ ದೇಹದಂಡನೆ ನನಗೆ ಅರ್ಥವಾಗುವುದಿಲ್ಲ, ಅನುಕರಿಸಿ ಎಂದೂ ಹೇಳಲಾರೆ. ಆ ಖಾಲಿ ಜೇಬು ಮಾತ್ರ ಅರ್ಥವಾಗುತ್ತದೆ. ಪ್ರಾರ್ಥನೆ ಮಾಡಿದವನು ಜೇಬನ್ನೂ ಖಾಲಿ ಇಟ್ಟುಕೊಂಡ.

ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪವಿತ್ರ ಭೋಜನದ ಪಾತ್ರೆಯ ಬಗ್ಗೆಯೂ ಒಂದು ಮಾತು. ಯಜಮಾನರು ಕುಡಿತ ನಿಲ್ಲಿಸಿದ ಮೇಲೆ ನಮ್ಮ ಸಭೆಯಲ್ಲಿ ದ್ರಾಕ್ಷಾರಸದ ಪಾತ್ರೆ ಹತ್ತಿರ ಬಂದಾಗ ಹಿಂದೆ ಸರಿದರು. ಸಭಾಪಾಲಕರು ನೋಡಿದರು, ಏನೂ ಕೇಳಲಿಲ್ಲ. ಮುಂದಿನ ಸಲದಿಂದ ಎಲ್ಲರಿಗೂ ಹುದುಗು ಬರದ ದ್ರಾಕ್ಷಿಯ ರಸ. ಅದು ಯಾರಿಗಾಗಿ ಎಂದು ಪ್ರಕಟಿಸಲೂ ಇಲ್ಲ. ಸಂಪ್ರದಾಯ ಕೆಟ್ಟಿತೆಂದು ಇಬ್ಬರು ಹಿರಿಯರು ಗೊಣಗಿದರು. ಆದರೆ ಇದೇನು ಹೊಸದಲ್ಲ. 1869ರಷ್ಟು ಹಿಂದೆಯೇ ಅಮೆರಿಕದಲ್ಲಿ ಥಾಮಸ್ ವೆಲ್ಚ್ ಎಂಬ ದಂತವೈದ್ಯರು, ವಿಜ್ಞಾನಿ ಪಾಶ್ಚರ್ ತೋರಿಸಿಕೊಟ್ಟ ರೀತಿಯಲ್ಲಿ ರಸವನ್ನು ಕಾಯಿಸಿ ಹುದುಗು ಬರದಂತೆ ಮಾಡಿದ್ದು ತಮ್ಮ ಮೆಥೊಡಿಸ್ಟ್ ಸಭೆಯ ಈ ಭೋಜನಕ್ಕಾಗಿಯೇ. ಕಥೋಲಿಕರಲ್ಲಿ ರೊಟ್ಟಿಯನ್ನಷ್ಟೇ ಸ್ವೀಕರಿಸಿದರೂ ಪೂರ್ಣ ಸ್ವೀಕಾರವೇ. ಹಾಗೆಂದು ಬೈಬಲು ದ್ರಾಕ್ಷಾರಸವನ್ನೇ ನಿಷೇಧಿಸಿದೆ ಎಂದು ವಾದಿಸುವವರ ಜೊತೆ ನಾನಿಲ್ಲ. ಕಾನಾ ಊರಿನ ಮದುವೆಯಲ್ಲಿ ಯೇಸು ನೀರನ್ನು ದ್ರಾಕ್ಷಾರಸ ಮಾಡಿದ್ದು ಎಲ್ಲರಿಗೂ ಗೊತ್ತಿದೆ. ಯೇಸುವನ್ನೇ ಕುಡುಕನೆಂದು ಆಗಿನ ಮಡಿವಂತರು ಹಂಗಿಸಿದ್ದೂ ಮತ್ತಾಯನ ಸುವಾರ್ತೆಯಲ್ಲಿದೆ. ಪ್ರಶ್ನೆ ಇಷ್ಟೇ: ನಮ್ಮ ಪಂಕ್ತಿಯಲ್ಲಿ ಕುಳಿತವನಿಗೆ ಆ ಪಾತ್ರೆ ಏನು ಮಾಡೀತು?

ಇನ್ನು ನನ್ನ ಮುಖ್ಯ ತಕರಾರು. ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವ ಪದ್ಧತಿಯಿದೆ. ದೇವರು ತನ್ನ ಬಾಳಿನಲ್ಲಿ ಮಾಡಿದ್ದನ್ನು ಎದ್ದು ನಿಂತು ಹೇಳುವುದು. ವ್ಯಸನದ ಸಾಕ್ಷಿಗೆ ಈಗ ಒಂದು ಅಚ್ಚು ಸಿದ್ಧವಾಗಿದೆ: ಹೀಗಿದ್ದೆ, ಪ್ರಾರ್ಥಿಸಿದರು, ಆ ಕ್ಷಣದಿಂದ ಆಸೆಯೇ ಹುಟ್ಟಿಲ್ಲ. ಸಭೆ ಚಪ್ಪಾಳೆ ತಟ್ಟುತ್ತದೆ. ಹಾಗೆ ಆಗುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ನಿಮ್ಮ ಪತ್ರಲೇಖಕರ ಭಾವನಿಗೆ ಹಾಗಾಗಿದ್ದರೆ ಸಂತೋಷ, ದೇವರಿಗೆ ಸ್ತೋತ್ರ. ಆದರೆ ಆ ಅಚ್ಚಿಗೆ ಹೊಂದದವನು ಏನು ಮಾಡಬೇಕು? ಹೆರಾಯಿನ್ ಬಿಟ್ಟ ಯುವಕನೊಬ್ಬ ಹೀಗೆ ವೇದಿಕೆಯ ಮೇಲೆ ಸಾಕ್ಷಿ ಹೇಳಿದ್ದ. ವೀಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತ್ತು, ನನಗೂ ಬಂದಿತ್ತು. ಕೆಲವು ವಾರಗಳ ನಂತರ ಅವನನ್ನು ನಾನು ಕಂಡದ್ದು ನಮ್ಮ ತುರ್ತು ಚಿಕಿತ್ಸಾ ಘಟಕದಲ್ಲಿ. ಮೈ ನೀಲಿ, ಉಸಿರು ಇನ್ನೇನು ನಿಲ್ಲುವಂತಿತ್ತು. ಕೆಲಕಾಲ ಬಿಟ್ಟವರ ದೇಹ ಹಳೆಯ ಪ್ರಮಾಣವನ್ನು ತಾಳುವುದಿಲ್ಲ. ಮೊದಲು ಸಲೀಸಾಗಿ ತೆಗೆದುಕೊಳ್ಳುತ್ತಿದ್ದಷ್ಟೇ ಈಗ ಪ್ರಾಣ ತೆಗೆಯುತ್ತದೆ. ಹೆರಾಯಿನ್ ಪರಿಣಾಮವನ್ನು ಇಳಿಸುವ ನಲೋಕ್ಸೋನ್ ಚುಚ್ಚುಮದ್ದಿಗೆ ಎಚ್ಚರಗೊಂಡ. ಎಚ್ಚರವಾದವನ ಮೊದಲ ಮಾತು, ಸಭೆಯವರಿಗೆ ಹೇಳಬೇಡಿ ಸಿಸ್ಟರ್.

ಅವನಿಗೆ ಅತ್ಯಂತ ಬೇಕಾಗಿದ್ದ ಜನರಿಗೇ ಹೇಳಬೇಡಿ ಎಂದ. ಚಪ್ಪಾಳೆ ತಟ್ಟಿದವರ ಮುಂದೆ ಬಿದ್ದೆ ಎಂದು ಹೇಳಲು ಬಾಯಿ ಬರಲಿಲ್ಲ. ಮುಚ್ಚುಮರೆಯಿಂದ ಅವನನ್ನು ಹೊರತರಬೇಕಾಗಿದ್ದ ಸಭೆ ಅವನಿಗೆ ಹೊಸದೊಂದು ಮುಚ್ಚುಮರೆಯನ್ನು ಕಟ್ಟಿಕೊಟ್ಟಿತ್ತು. ಬಿದ್ದವನಿಗೆ ನಂಬಿಕೆ ಸಾಲದು ಎಂದು ಷರಾ ಬರೆಯುವವರು, ಅವನು ಎರಡನೆಯ ಸಲ ಹೆರಾಯಿನ್ ಹಿಡಿದದ್ದರಲ್ಲಿ ತಮ್ಮ ಪಾಲೆಷ್ಟು ಎಂದು ಒಮ್ಮೆ ಕೂತು ಯೋಚಿಸಲಿ.

ಮಾರ್ಕನ ಸುವಾರ್ತೆಯ 8ನೆಯ ಅಧ್ಯಾಯದಲ್ಲಿ ಬೇತ್ಸಾಯಿದದ ಕುರುಡನ ಪ್ರಸಂಗವಿದೆ. ಯೇಸು ಅವನನ್ನು ಊರ ಹೊರಗೆ ಕರೆದೊಯ್ದು, ಕಣ್ಣು ಮುಟ್ಟಿ, ಏನಾದರೂ ಕಾಣುತ್ತದೋ ಎಂದು ಕೇಳುತ್ತಾನೆ. ಆ ಮನುಷ್ಯ, ಜನರು ಕಾಣುತ್ತಾರೆ, ಆದರೆ ಮರಗಳು ನಡೆದಾಡುವಂತೆ ಕಾಣುತ್ತಾರೆ ಎನ್ನುತ್ತಾನೆ. ಯೇಸು ಮತ್ತೊಮ್ಮೆ ಮುಟ್ಟುತ್ತಾನೆ. ಆಗ ಎಲ್ಲವೂ ಸ್ಪಷ್ಟವಾಗುತ್ತದೆ. ಸ್ವತಃ ಯೇಸುವಿನ ಕೈಯಿಂದಲೇ ಒಂದು ಗುಣ ಎರಡು ಸಲಕ್ಕೆ ಆಯಿತು ಎಂದು ಬರೆದಿಡಲು ಮಾರ್ಕನಿಗೆ ಸಂಕೋಚವಾಗಲಿಲ್ಲ. ನಮ್ಮ ಇಂದಿನ ಸಭೆಯ ವೇದಿಕೆಯಾಗಿದ್ದರೆ ಆ ಬಡಪಾಯಿ ಮೈಕಿನ ಮುಂದೆ ಏನು ಹೇಳುತ್ತಿದ್ದ? ಎಲ್ಲವೂ ಸ್ಪಷ್ಟ ಎಂದು ಹೇಳಿ, ಚಪ್ಪಾಳೆ ಪಡೆದು, ಮರಗಳಿಗೆ ಡಿಕ್ಕಿ ಹೊಡೆಯುತ್ತ ಮನೆಗೆ ಹೋಗುತ್ತಿದ್ದ. ಇನ್ನೂ ಮಸುಕು ಎಂದು ನಿಜ ಹೇಳಿದ್ದಕ್ಕೆ ಅವನಿಗೆ ಎರಡನೆಯ ಸ್ಪರ್ಶ ಸಿಕ್ಕಿತು. ಮೊದಲ ಸಲವೇ ಯಾಕೆ ಸರಿಯಾಗಲಿಲ್ಲ, ನಿನ್ನ ನಂಬಿಕೆ ಎಷ್ಟು ಎಂದು ಯೇಸು ಅವನನ್ನು ಕೇಳಲಿಲ್ಲ.

ಆದ್ದರಿಂದ ಸಭಾಪಾಲಕರಲ್ಲಿ ನನ್ನ ಕೋರಿಕೆ. ಸಾಕ್ಷಿಯ ಸಮಯದಲ್ಲಿ ಮೊನ್ನೆ ಬಿದ್ದವನಿಗೂ ಎದ್ದು ನಿಲ್ಲುವ ಅವಕಾಶ ಕೊಡಿ. ದೊಡ್ಡ ಸಭೆಯಲ್ಲಿ ಆಗದಿದ್ದರೆ ಹಿಂದಿನ ಕೋಣೆಯೊಂದನ್ನು ವಾರಕ್ಕೊಮ್ಮೆ ತೆರೆದಿಡಿ. ಮೊಬೈಲನ್ನು ಬಾಗಿಲ ಹೊರಗೆ ಇಡಿಸಿ. ಬಿಟ್ಟು ವರ್ಷವಾದರೂ ತುಂಬದವರನ್ನು ವೇದಿಕೆಗೆ ಹತ್ತಿಸಬೇಡಿ, ವೀಡಿಯೊ ಮಾಡಬೇಡಿ. ದಿನವೂ ಕುಡಿಯುತ್ತಿದ್ದವರು ನಿಮ್ಮ ಬಳಿಗೆ ಬಂದರೆ ಪ್ರಾರ್ಥಿಸಿ, ಹಾಗೆಯೇ ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ. ಪೌಲನ ಜೊತೆಗಿದ್ದ ಲೂಕನೂ ವೈದ್ಯನೇ. ಪ್ರಿಯ ವೈದ್ಯ ಎಂದೇ ಪೌಲ ಅವನನ್ನು ಕರೆಯುತ್ತಾನೆ. ಯಾರ ಮಾತ್ರೆಯನ್ನೂ ನಿಲ್ಲಿಸಲು ಹೇಳಬೇಡಿ. ಹೆರಾಯಿನ್ ಬಿಟ್ಟವರಿಗೆ ವೈದ್ಯರು ಕೊಡುವ ಬ್ಯುಪ್ರೆನಾರ್ಫಿನ್, ಮೆಥಡೋನ್ ಔಷಧಿಗಳನ್ನು ಇನ್ನೊಂದು ಚಟ ಎಂದು ಹೀಗಳೆಯುವುದನ್ನು ದಯವಿಟ್ಟು ಬಿಡಿ. ಅವು ಅನೇಕರ ಉಸಿರನ್ನು ಉಳಿಸಿವೆ.

ವೈದ್ಯರಿಗೂ ಒಂದು ಮಾತು. ರೋಗಿಯ ದಿಂಬಿನ ಕೆಳಗೆ ಬೈಬಲ್ ಕಂಡಾಗ ಮುಗುಳ್ನಗುವ ಕಿರಿಯ ವೈದ್ಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಿಡುಗಡೆಯ ಚೀಟಿ ಬರೆಯುವಾಗ ಮಾತ್ರೆಯ ಹೆಸರಿನ ಜೊತೆಗೆ, ಹಂಬಲ ಬಂದ ಸಂಜೆ ನೀವು ಯಾರಿಗೆ ಫೋನ್ ಮಾಡುತ್ತೀರಿ ಎಂದು ಕೇಳಿ. ಉತ್ತರವಿಲ್ಲದ ರೋಗಿ ಬೇಗನೆ ಮರಳಿ ಬರುತ್ತಾನೆ ಎಂಬುದು ನನ್ನ ಅನುಭವ. ಮದ್ಯದಿಂದಾಗಿ 2019ರಲ್ಲಿ ಜಗತ್ತಿನಲ್ಲಿ 26 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟು ದೊಡ್ಡ ಮಡುವಿನಿಂದ ಜನರನ್ನು ಎತ್ತುವಾಗ, ಇನ್ನೊಂದು ಬದಿಯಲ್ಲಿ ಕೈ ಹಾಕಿದವರ ಜಾತಕ ನೋಡುವಷ್ಟು ಪುರುಸೊತ್ತು ಯಾರಿಗಿದೆ?

ಕೊನೆಯದಾಗಿ, ಸಂಪಾದಕರೇ, ಈ ಪತ್ರ ಪ್ರಕಟಿಸುವುದಾದರೆ ನನ್ನ ಹೆಸರು, ವಿಳಾಸ ಹಾಕಬೇಡಿ. ಮುಚ್ಚುಮರೆ ಬೇಡವೆಂದು ಇಷ್ಟುದ್ದ ಬರೆದವಳು ತನ್ನ ಹೆಸರನ್ನೇ ಮುಚ್ಚಿಡುತ್ತಾಳಲ್ಲ ಎಂದು ಯಾರಾದರೂ ಕೇಳಿಯಾರು. ನಮ್ಮಿಬ್ಬರ ವಿಷಯ ಊರಿಗೇ ಗೊತ್ತು, ಅದಕ್ಕೆ ಅಂಜಿಕೆಯಿಲ್ಲ. ಆದರೆ ನನ್ನ ಹೆಸರು ತಿಳಿದರೆ ಆ ಕೋಣೆ ಯಾವುದೆಂದು ತಿಳಿಯುತ್ತದೆ, ಅಲ್ಲಿಗೆ ಯಾರು ಯಾರು ಬರುತ್ತಾರೆಂದೂ ತಿಳಿಯುತ್ತದೆ. ಅವರು ಅಲ್ಲಿ ಹೇಳಿಕೊಂಡದ್ದು ಅವರದು. ಈ ವಾರ ಹೊಸಬರಿಬ್ಬರು ಬರುವವರಿದ್ದಾರೆ.

ಇಂತಿ,
ನಿವೃತ್ತ ನರ್ಸ್